ಅತ್ತಿ ಮರದ ಬಾಣಂತಿ ಕೋಣೆ

ಮೇ ೩, ಶನಿವಾರ

ಈ ಪುಸ್ತಕ ಹಕ್ಕಿಗಳ ಪಟ್ಟಿ ಬರೆಯೋದಕ್ಕೆ ಅಂತ ಮಳವಳ್ಳಿಯಿಂದ ತಂದದ್ದು. ಎಡಗಡೆ ಹಕ್ಕಿಯ ಹೆಸರು, ಬಲಗಡೆ ಎಲ್ಲಿ, ಎಷ್ಟು ಹೊತ್ತಿಗೆ. ನಾಲ್ಕು ಪುಟ ಹಾಗೇ ಬರೆದು ಬೇಜಾರಾಯಿತು. ಮಿಂಚುಳ್ಳಿ ಎರಡು ಅಂತ ಬರೆಯುವಾಗ ಅವತ್ತು ಬೆಳಿಗ್ಗೆ ಅತ್ತೆ ಅಂದ ಮಾತು ತಲೆಯಲ್ಲೇ ಕೊರೆಯುತ್ತಿರುತ್ತೆ, ಅದನ್ನ ಬಿಟ್ಟು ಮಿಂಚುಳ್ಳಿ ಒಂದನ್ನೇ ಬರೆಯೋದು ಹೇಗೆ? ಇನ್ನು ಎರಡನ್ನೂ ಬರೆಯುತ್ತೇನೆ. ಯಾರು ಓದಬೇಕಾಗಿದೆ ಇದನ್ನ.

ಅತ್ತೆ ಹೊಂಬಾಳಮ್ಮ ಇವತ್ತು ಅಂದದ್ದು ಏನಂದರೆ, ಕಾಗೆ ಗುಬ್ಬಿ ನೋಡೋದಕ್ಕೆ ಮಂಡ್ಯದಿಂದ ಕಾರು ಹಾಕಿಕೊಂಡು ಬರುವವರಿಗೆ ತಲೆ ಕೆಟ್ಟಿದೆ, ಅವರಿಗೆ ಹಾಸಿಗೆ ಹಾಸುವ ನನಗೆ ಇನ್ನೂ ಜಾಸ್ತಿ ಕೆಟ್ಟಿದೆ.

ಕೆಟ್ಟಿದ್ದು ಮೂರು ವರ್ಷದ ಹಿಂದೆ. ನಾನೂ ನನ್ನ ಗಂಡ ಸ್ವರೂಪನೂ ಕುಂದಾಪುರದ ಕಡೆ, ಸಮುದ್ರದ ಹಿನ್ನೀರಿನ ಪಕ್ಕದ ಒಂದು ಮನೆಯಲ್ಲಿ ಎರಡು ದಿನ ಉಳಿದಿದ್ದೆವು. ಬೆಳಿಗ್ಗೆ ಐದೂವರೆಗೇ ಎಬ್ಬಿಸಿ ಹಕ್ಕಿ ತೋರಿಸುತ್ತಿದ್ದರು. ಸ್ವರೂಪ ನಿದ್ದೆ ಹಾಳಾಯಿತು ಅಂತ ಗೊಣಗಿದ. ನಾನು ಹಕ್ಕಿಗಿಂತ ಆ ಮನೆಯಾಕೆಯನ್ನೇ ನೋಡುತ್ತಿದ್ದೆ. ಅವಳದೇ ಬೋರ್ಡು, ಅವಳದೇ ಮಾತು. ಯಾವ ಅತ್ತೆಯನ್ನೂ ಕೇಳುವಂತಿರಲಿಲ್ಲ. ಊರಿಗೆ ಬಂದವಳೇ ಬೆಳಕವಾಡಿಯಿಂದ ಒಳಗೆ, ಹೊಳೆ ಪಕ್ಕದ ನಮ್ಮ ಹಳೇ ಪಂಪ್‌ಹೌಸನ್ನು ಎರಡು ಕೋಣೆ ಮಾಡಿಸಿ ‘ಹೊಳೆದಂಡೆ’ ಅಂತ ಬೋರ್ಡು ಹಾಕಿಸಿದೆ. ಸ್ವರೂಪನಿಗೆ ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾನೆ. ಹಾಗಾಗಿ ನಡೆಯಿತು.

ಬಂದವರನ್ನು ಸುತ್ತಿಸೋದು ಮರಿಸಿದ್ದ. ಕೆಳಗಿನ ಕೇರಿಯವನು. ಮುಂಚೆ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ, ಈಗ ಹೆಂಡತಿ ಸೋಮಿ ಜೊತೆ ಆಡು ಸಾಕಿಕೊಂಡಿದ್ದಾನೆ. ಇಂಗ್ಲಿಷ್ ಹೆಸರು ಒಂದೂ ಬಾಯಿಗೆ ಬರಲ್ಲ, ಆದರೆ ಯಾವ ಹಕ್ಕಿ ಯಾವ ಕೊಂಬೆ ಅಂತ ಅವನನ್ನೇ ಕೇಳಬೇಕು. ಅರಣ್ಯದವರು ಅವನಿಗೆ ಗೈಡ್ ಕಾರ್ಡು ಕೊಡುತ್ತಾರಂತೆ. ನಾಲ್ಕು ದಿನದ ತರಬೇತಿ ಮುಗಿದಿದೆ. ಕಾರ್ಡಿಗೆ ಫೋಟೋ ತೆಗೆಸೋದಕ್ಕೆ ಮೂರು ಸಲ ಮಳವಳ್ಳಿಗೆ ಹೋಗಿ ಬಂದ, ಮೊದಲಿನ ಎರಡರಲ್ಲೂ ಕಣ್ಣು ಮುಚ್ಚಿದ್ದನಂತೆ.

ಇವತ್ತು ಬಂದವನೇ, ನಾಲೆ ಪಕ್ಕದ ಅತ್ತಿ ಮರದಲ್ಲಿ ಮದ್ಲಿಂಗ ಗೂಡು ಕಟ್ಟಿದ್ದಾನೆ ಅಂದ. ಉದ್ದನೆ ಬಿಳೀ ಬಾಲದ ರಾಜಹಕ್ಕಿಗೆ ಅವನು ಮದ್ಲಿಂಗ ಅನ್ನೋದು, ಮದುವೆ ಗಂಡು ಅಂತ. ನನಗೆ ಕುಣಿಯುವಷ್ಟು ಖುಷಿಯಾಯಿತು. ಈ ಹಕ್ಕಿಯ ಗೂಡು ನೋಡೋದಕ್ಕೆ ಜನ ಎಲ್ಲಿಂದೆಲ್ಲಿಗೋ ಹೋಗುತ್ತಾರೆ.

ಮೇ ೪, ಭಾನುವಾರ

ನಾಚಿಕೆಯಾಯಿತು ಇವತ್ತು ಮರಿಸಿದ್ದನಿಂದ.

ಈ ವಾರದ ಅತಿಥಿ ಪುನೀತ್, ಮಂಡ್ಯದಲ್ಲಿ ಹಲ್ಲಿನ ಡಾಕ್ಟರು. ನನ್ನ ತೋಳುದ್ದದ ಕ್ಯಾಮೆರಾ. ಜಿಲ್ಲೆಯ ಹಕ್ಕಿ ನೋಡುವವರ ಗುಂಪಿನಲ್ಲಿ ಅವರ ಮಾತಿಗೆ ಬೆಲೆಯಿದೆ. ಗೂಡಿನ ವಿಷಯ ನಾನೇ ಬಾಯಿಬಿಟ್ಟೆ. ತೋರಿಸಿ ಅಂದರು. ಮರಿಸಿದ್ದ ತಲೆ ಅಲ್ಲಾಡಿಸಿಬಿಟ್ಟ.

"ಅದು ಬಾಣ್ತಿ ಕೋಣೆ ಕಣ್ ಸಾ. ಬಾಣ್ತಿ ಕೋಣೆ ಪರ್ದೆ ಎತ್ತಿ ಯಾರಾದ್ರೂ ಪೋಟ ಇಡ್ದಾರಾ?"

ಅವರ ಕೇರಿಯಲ್ಲಿ ಹೆರಿಗೆಯಾದ ಹನ್ನೊಂದು ದಿನ ಬಾಣಂತಿ ಕೋಣೆಯ ಪರದೆಯನ್ನು ಹೊರಗಿನವರು ಎತ್ತುವಂತಿಲ್ಲ. ಇವನು ಅದೇ ಲೆಕ್ಕವನ್ನ ಹಕ್ಕಿಗೂ ಇಟ್ಟಿದ್ದಾನೆ. ಮರಿ ಒಡೆದ ಮೇಲೆ ಹನ್ನೊಂದು ದಿನ ಆ ಮರದ ಕೆಳಗೆ ತಾನೂ ಹೋಗಲ್ಲ, ಆಡನ್ನೂ ಬಿಡಲ್ಲ, ಸುತ್ತು ಹಾಕಿಕೊಂಡು ಆಚೆ ಬದುವಿನ ಮೇಲೆ ಹೋಗುತ್ತಾನೆ. ಕೇಳೋದಕ್ಕೆ ಚೆನ್ನಾಗಿದೆ. ಆದರೆ ಅತಿಥಿಗೆ ಮುಖಕ್ಕೆ ಹೊಡೆದ ಹಾಗೆ ಹೇಳೋದೇ? ಅಡುಗೆಮನೆ ಹಿಂದೆ ಕರೆದು ಬೈದೆ. ಸುಮ್ಮನೆ ಕೇಳಿಸಿಕೊಂಡ, ತೋರಿಸುತ್ತೀನಿ ಅಂತ ಮಾತ್ರ ಅನ್ನಲಿಲ್ಲ.

ಪುನೀತ್ ಕಾರು ಹತ್ತುವಾಗ, ಗೂಡಿನ ಫೋಟೋ ಸಿಗುವ ಹಾಗಿದ್ದರೆ ಮುಂದಿನ ಶನಿವಾರವೂ ಬರುತ್ತೇನೆ, ಆಮೇಲೆ ಇಡೀ ಗುಂಪನ್ನೇ ಕರೆತರುತ್ತೇನೆ ಅಂದರು. ಮಳೆಗಾಲದವರೆಗೂ ಎರಡು ಕೋಣೆ ತುಂಬಿರುತ್ತೆ. ಅತ್ತೆಯ ಬಾಯಿ ಮುಚ್ಚುತ್ತೆ.

ಮೇ ೭, ಬುಧವಾರ

ಒಬ್ಬಳೇ ಹೋಗಿ ನೋಡಿ ಬಂದೆ. ನಾಲೆಯ ಕಡೆ ಬಾಗಿದ ಸಣ್ಣ ಕೊಂಬೆಯ ಕವಲಿನಲ್ಲಿ ಬಟ್ಟಲಿನಂಥ ಗೂಡು, ಮೇಲೆಲ್ಲ ಜೇಡರ ಬಲೆ ಸುತ್ತಿದೆ. ನನ್ನ ತಲೆಗಿಂತ ಎರಡು ಗೇಣು ಮೇಲೆ, ಅಷ್ಟೇ. ಮರಿ ಒಡೆದಿವೆ. ಗಂಡು ಅಷ್ಟುದ್ದ ಬಾಲ ಇಟ್ಟುಕೊಂಡೂ ಗೂಡಲ್ಲಿ ಕೂತು ಕಾವು ಕೊಡುತ್ತೆ, ಬಾಲ ಹೊರಗೆ ನೇತಾಡುತ್ತಿರುತ್ತೆ. ನಗು ಬಂತು. ನಮ್ಮ ಮನೆಯ ಗಂಡಸು ತಾನುಂಡ ತಟ್ಟೆಯನ್ನೂ ಎತ್ತಿಟ್ಟವನಲ್ಲ.

ಎರಡೇ ನಿಮಿಷ ಇದ್ದೆ.

ಮೇ ೧೦, ಶನಿವಾರ

ಮರಿಸಿದ್ದ ಇಲ್ಲ. ಸೋಮನಹಳ್ಳಿಯಲ್ಲಿ ಅವನ ಅಕ್ಕನ ಮನೆ ಗೃಹಪ್ರವೇಶ, ನಾಳೆ ಬರುತ್ತಾನೆ. ಇದು ಗೊತ್ತಿದ್ದೇ ನಾನು ಪುನೀತ್‌ಗೆ ಇವತ್ತೇ ಬನ್ನಿ ಅಂದಿದ್ದೆ. ಬರೆದುಬಿಡೋದು ಒಳ್ಳೆಯದು.

ಬೆಳಿಗ್ಗೆ ಏಳಕ್ಕೆ ಅತ್ತಿ ಮರದ ಹತ್ತಿರ ಕರೆದುಕೊಂಡು ಹೋದೆ. ಅವರು ನಾಲೆಯ ಏರಿ ಮೇಲೆ ಕ್ಯಾಮೆರಾ ನಿಲ್ಲಿಸಿದರು, ಬಗ್ಗಿದರು, ಎದ್ದರು, ಜರುಗಿದರು. ಎಲ್ಲಿ ನಿಂತರೂ ಎಲೆ ಅಡ್ಡ. ಹಕ್ಕಿ ಏನು ಪೆದ್ದೇ, ಎಲೆ ಮರೆ ನೋಡಿಯೇ ಕಟ್ಟಿರುತ್ತೆ. ಅರ್ಧ ಗಂಟೆ ಆದ ಮೇಲೆ ಅವರು ಉಸಿರು ಬಿಟ್ಟು, ಆ ನಾಲ್ಕು ಎಲೆ ಇಲ್ಲದಿದ್ದರೆ ಫ್ರೇಮು ಎಷ್ಟು ಚೆನ್ನಾಗಿರೋದು ಅಂದರು. ಕಡಿಯಿರಿ ಅಂತ ಅನ್ನಲಿಲ್ಲ. ಅಂದಿದ್ದರೆ ಈಗ ಅವರ ಮೇಲೆ ಹಾಕಬಹುದಿತ್ತು.

ನಾನು ಮನೆಗೆ ಹೋಗಿ ರೋಜಾ ಗಿಡ ಸವರುವ ಕತ್ತರಿ ತಂದೆ. ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡೆ. ಮೊದಲು ಒಂದು ರೆಂಬೆ. ಇನ್ನೊಂದು ಅಡ್ಡ ಬಂತು. ಆಮೇಲೆ ಮೇಲಿನದು. ಒಟ್ಟು ಐದೋ ಆರೋ. ಹಕ್ಕಿಗಳೆರಡೂ ತಲೆಯ ಸುತ್ತ ಹಾರಾಡಿ ಕಿರುಚುತ್ತಿದ್ದವು. ಮರಿಗಳು ಮೂರು, ಪುಕ್ಕವೇ ಬಂದಿಲ್ಲ, ಕಣ್ಣೂ ಬಿಟ್ಟಿಲ್ಲ. ಕತ್ತರಿಯ ಸದ್ದಿಗೆ ಅಪ್ಪ ಬಂದ ಅಂದುಕೊಂಡು ಮೂರೂ ಬಾಯಿ ತೆರೆದವು.

ಪುನೀತ್ ಸಂಜೆಯವರೆಗೂ ತೆಗೆದರು. ಊಟಕ್ಕೆ ಕೂತಾಗ ತೋರಿಸಿದರು. ಎಷ್ಟು ಚೆನ್ನಾಗಿದೆ ಅಂದರೆ, ಬಿಳೀ ಬಾಲ ಕೆಳಗಿನವರೆಗೂ ಇಳಿದಿದೆ, ಮರಿಯ ಬಾಯಿಯ ಕೆಂಪು ಕಾಣುತ್ತೆ. ಅತ್ತೆಯೂ ಇಣುಕಿ ನೋಡಿ, ಪರವಾಗಿಲ್ಲ ಅಂದರು. ಹನ್ನೊಂದು ವರ್ಷದಲ್ಲಿ ನನ್ನ ಯಾವ ಕೆಲಸಕ್ಕೂ ಅವರು ಪರವಾಗಿಲ್ಲ ಅಂದವರಲ್ಲ.

ಮೇ ೧೨, ಸೋಮವಾರ

ಫೋಟೋ ಗುಂಪಿಗೆ ಬಂದಿದೆ. ಕೆಳಗೆ ‘ಹೊಳೆದಂಡೆ, ಬೆಳಕವಾಡಿ’ ಅಂತ ಹಾಕಿದ್ದಾರೆ. ಬೆಳಿಗ್ಗೆಯಿಂದ ಫೋನು ಕೆಳಗಿಡೋದಕ್ಕೆ ಆಗಿಲ್ಲ. ಶನಿವಾರ ಆರು ಜನ ಬರುತ್ತಾರಂತೆ. ಸ್ವರೂಪನಿಗೂ ಕಳಿಸಿದೆ. ಅವನು ಹೆಬ್ಬೆಟ್ಟು ಒತ್ತಿದ.

ಮೇ ೧೩, ಮಂಗಳವಾರ

ಮೂರೂ ಸತ್ತಿವೆ.

ಮಧ್ಯಾಹ್ನ ಒಂದು ಗಂಟೆಗೆ ಹೋದೆ. ಮರದ ಕೆಳಗೆ ಎಲ್ಲ ನೆರಳಿದೆ, ಗೂಡಿನ ಮೇಲೆ ಮಾತ್ರ ನೆಟ್ಟಗೆ ಬಿಸಿಲು. ನಾನು ಮಾಡಿದ ಕಿಂಡಿಯಿಂದ. ಒಂದು ಮರಿ ಕೆಳಗೆ ಬಿದ್ದಿತ್ತು, ಇರುವೆ ಮುತ್ತಿದ್ದವು. ಎರಡು ಗೂಡಿನಲ್ಲೇ ಇದ್ದವು. ಹೆಣ್ಣು ಹಕ್ಕಿ ಬಾಯಲ್ಲಿ ಹುಳ ಕಚ್ಚಿಕೊಂಡು ಬಂದು ಅಂಚಿನಲ್ಲಿ ಕೂತಿತು, ಬಗ್ಗಿ ನೋಡಿತು, ಹಾರಿಹೋಯಿತು. ಮತ್ತೆ ಬಂತು, ಅದೇ ಹುಳ. ನಾನು ನೋಡುತ್ತಿದ್ದ ಹಾಗೇ ನಾಲ್ಕು ಸಲ.

ರೆಂಬೆಗಳ ತುದಿ ಚೊಕ್ಕವಾಗಿ ಓರೆಯಾಗಿ ಕತ್ತರಿಸಿದ್ದು ಎದ್ದು ಕಾಣುತ್ತಿತ್ತು. ಅದನ್ನ ನೋಡೋದಕ್ಕೆ ಆಗಲಿಲ್ಲ. ಒಂದೊಂದನ್ನೇ ಕೈಯಲ್ಲಿ ಹಿಡಿದು ಮುರಿದು ಸೀಳಿದೆ. ಯಾಕೆ ಅಂತ ಗೊತ್ತಿಲ್ಲ. ಸಿಟ್ಟಿಗೆ ಇರಬೇಕು. ಬಿದ್ದ ಮರಿಯನ್ನು ನಾಲೆ ಪಕ್ಕ ಮಣ್ಣು ಮಾಡಿ ಬಂದೆ.

ಮೇ ೧೫, ಗುರುವಾರ

ಗುಂಪಿನಲ್ಲಿ ಯಾರೋ ತಿಳಿದವರು ಫೋಟೋ ದೊಡ್ಡದು ಮಾಡಿ, ಮೂಲೆಯಲ್ಲಿ ಕಡಿದ ರೆಂಬೆ ಕಾಣುತ್ತಿದೆ, ಗೂಡಿನ ಮರೆ ತೆಗೆದಿದ್ದಾರೆ, ಇದು ಅಪರಾಧ ಅಂತ ಬರೆದರು. ಪುನೀತ್ ತಾವು ಬಂದಾಗಲೇ ಮರ ಹಾಗಿತ್ತು ಅಂದುಬಿಟ್ಟರು. ಇವತ್ತು ಹತ್ತು ಗಂಟೆಗೆ ಅರಣ್ಯದ ಗಾರ್ಡು ಚಿಕ್ಕಣ್ಣ ಬೈಕಿನಲ್ಲಿ ಬಂದ.

ಎಲ್ಲರೂ ಅತ್ತಿ ಮರದ ಹತ್ತಿರ ನಿಂತೆವು. ನಾನು, ಅತ್ತೆ, ಮರಿಸಿದ್ದ. ಚಿಕ್ಕಣ್ಣ ಗೂಡು ನೋಡಿದ, ಫೋಟೋ ತೆಗೆದ, ಯಾರು ಕಡಿದದ್ದು ಅಂತ ಕೇಳಿದ. ಅತ್ತೆ ನನಗಿಂತ ಮುಂಚೆ ಮಾತಾಡಿದರು.

"ಇನ್ಯಾರ್ ಕುಯ್ತಾರೆ. ಆಡು ಸಾಕಿರೋರು ಸೊಪ್ಗೆ ಕುಯ್ದಿರ್ತಾರೆ."

ಅವರಿಗೆ ನಿಜವಾಗಿ ಗೊತ್ತಿಲ್ಲ. ಗೊತ್ತಿದ್ದವಳು ನಾನು. ಮರಿಸಿದ್ದ ಮುರಿದ ತುದಿಯೊಂದನ್ನು ಎರಡು ಬೆರಳಲ್ಲಿ ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ ಟವೆಲ್ಲು ಹೆಗಲಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ನಾನೇ ಕುಯ್ದೆ ಸಾ. ಗೂಡು ಕಾಣ್ನಿಲ್ಲ."

ಗೂಡು ಕಂಡುಹಿಡಿದವನೇ ಅವನು. ಚಿಕ್ಕಣ್ಣನಿಗೂ ಅದು ಗೊತ್ತು, ಅವನಿಗೇ ಮೊದಲು ಹೇಳಿದ್ದ. ಚಿಕ್ಕಣ್ಣ ಅವನ ಮುಖವನ್ನೇ ನೋಡಿ, ನಿನಗೆ ಬರಬೇಕಾದ ಕಾರ್ಡು ವಾಪಸ್ ಹೋಗುತ್ತೆ, ಗೊತ್ತಾ ಅಂದ. ಮರಿಸಿದ್ದ ಗೊತ್ತು ಅಂತ ತಲೆ ಆಡಿಸಿದ. ಒಂದು ಹಾಳೆಗೆ ಸಹಿ ಹಾಕಿಸಿಕೊಂಡು ಗಾರ್ಡು ಹೋದ. ಮರಿಸಿದ್ದ ನನ್ನ ಕಡೆ ನೋಡದೆ ಕೇರಿಯ ದಾರಿ ಹಿಡಿದ.

ನಾನು ಒಂದು ಮಾತೂ ಆಡಲಿಲ್ಲ. ನಿಂತಿದ್ದೆ ಅಷ್ಟೇ.

ಮೇ ೧೬, ಶುಕ್ರವಾರ

ಅವನಿಗೆ ಗೊತ್ತಾಗಿದೆ. ತುದಿ ಹಿಡಿದು ನೋಡಿದಾಗಲೇ ಗೊತ್ತಾಗಿದೆ. ನನ್ನನ್ನು ಉಳಿಸೋದಕ್ಕೆ ತನ್ನ ಮೇಲೆ ಹಾಕಿಕೊಂಡ. ಎರಡು ವರ್ಷದಿಂದ ನನ್ನ ಹತ್ತಿರ ಕೆಲಸ ಮಾಡಿದ್ದಾನೆ, ಆ ನಿಯತ್ತಿಗೆ. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯುತ್ತಿಲ್ಲ. ಅದರ ಜೊತೆಗೇ ಸಮಾಧಾನವೂ ಆಗುತ್ತಿದೆ, ಅದಕ್ಕೆ ಇನ್ನೂ ನಾಚಿಕೆ.

ಮೇ ೧೯, ಸೋಮವಾರ

ಕೇರಿಗೆ ಹೋಗಿ ಅವನ ಮನೆಗೆ ಒಂದು ಮೂಟೆ ರಾಗಿ ಇಳಿಸಿ ಬಂದೆ. ಮರಿಸಿದ್ದ ಜಗುಲಿಯಲ್ಲಿ ಕೂತಿದ್ದ. ಇದೆಲ್ಲ ಯಾಕವ್ವ ಅಂದ. ನಿನಗೆ ಗೊತ್ತಲ್ಲ ಮರಿಸಿದ್ದ, ಇರಲಿ ಅಂದೆ. ಅವನು ಏನೂ ಅರ್ಥವಾಗದವನ ಹಾಗೆ ನೋಡಿದ. ಎಷ್ಟು ಚೆನ್ನಾಗಿ ನಟಿಸುತ್ತಾನೆ ಅಂದುಕೊಂಡೆ.

ಹಟ್ಟಿಯಲ್ಲಿ ಆಡು ಒಂದೂ ಕಾಣಲಿಲ್ಲ. ಸೋಮಿಯೂ ಇರಲಿಲ್ಲ. ಮೇಯಿಸೋದಕ್ಕೆ ಹೋಗಿರಬೇಕು.

ಮೇ ೨೪, ಶನಿವಾರ

ಬರುತ್ತೇನೆ ಅಂದಿದ್ದ ಆರರಲ್ಲಿ ಮೂವರು ಬಂದರು, ಒಂದು ವಾರ ತಡವಾಗಿ. ಮರಿಸಿದ್ದಯ್ಯ ಬರಲಿಲ್ಲ. ಕಾರ್ಡಿಲ್ಲದವನು ಜನ ಸುತ್ತಿಸಬಾರದು ಅಂತ ಹೇಳಿ ಕಳಿಸಿದ್ದಾರೆ. ನಾನೇ ಕರೆದುಕೊಂಡು ಹೋದೆ. ದುರ್ಬೀನು ನನ್ನ ಕೈಯಲ್ಲಿದ್ದರೂ ಹಕ್ಕಿ ಅವರಿಗೇ ಮೊದಲು ಕಾಣುತ್ತಿತ್ತು. ಒಬ್ಬರು ಜೊಂಡಿನಲ್ಲಿ ಕೂಗಿದ್ದು ಯಾವುದು ಅಂದರು. ಗೊತ್ತಿಲ್ಲ ಅಂದೆ. ಆಚೆ ದಡದಲ್ಲಿ ಕೂತದ್ದು? ಅದೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಮರಿಸಿದ್ದಯ್ಯನ ಬಾಯಿಂದ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದವಳು ನಾನು. ಪಟ್ಟಿ ನನ್ನದು ಅಂತ ತಿಳಿದುಕೊಂಡಿದ್ದೆ.

ಅತ್ತಿ ಮರದ ಹತ್ತಿರ ಬಂದಾಗ, ಇದೇ ಮರವಲ್ಲವೇ ಅಂತ ಕೇಳಿದರು. ಹೌದು ಅಂದೆ. ಯಾರೋ ಆಡಿನವನು ಹಾಳು ಮಾಡಿದನಂತಲ್ಲ ಅಂದರು. ನಾನು ಬನ್ನಿ, ಬಿಸಿಲೇರುತ್ತೆ ಅಂದೆ.

ಮೇ ೨೭, ಮಂಗಳವಾರ

ಅಕ್ಷರ ಸೊಟ್ಟ ಬರುತ್ತಿದೆ.

ಮಧ್ಯಾಹ್ನ ಶೋಭಿತಾ ಬಂದಿದ್ದಳು. ಮರಿಸಿದ್ದಯ್ಯನ ಮಗಳು, ಮಳವಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಅಲ್ಲೇ ಮನೆ ಮಾಡಿದ್ದಾಳೆ. ಸ್ಕೂಟರ್ ನಿಲ್ಲಿಸಿ ಅಂಗಳದಲ್ಲೇ ನಿಂತಳು. ಒಳಗೆ ಬಾ ಅಂದರೂ ಬರಲಿಲ್ಲ. ಒಂದು ವಿಷಯ ಕೇಳೋಕೆ ಬಂದೆ ಅಂತ ಶುರು ಮಾಡಿದಳು.

ನಾನು ಅಂದುಕೊಂಡದ್ದು ಒಂದೂ ನಿಜವಲ್ಲ. ಮರಿಸಿದ್ದಯ್ಯ ನನ್ನನ್ನು ಉಳಿಸಿದ್ದಲ್ಲ. ಅವರು ಸೋಮನಹಳ್ಳಿಯಿಂದ ವಾಪಸ್ ಬಂದಾಗ ಹಟ್ಟಿಯಲ್ಲಿ ಅತ್ತಿ ಸೊಪ್ಪಿನ ಕಡ್ಡಿ ಬಿದ್ದಿದ್ದವಂತೆ. ಗಂಡ ಊರಲ್ಲಿಲ್ಲ ಅಂತ ಆ ಶನಿವಾರ ಸೋಮಮ್ಮನೇ ಆಡಿಗೆ ಸೊಪ್ಪು ತಂದಿದ್ದರು, ಮೇಲ್ಗಡೆ ತೋಟದ ಬೇರೊಂದು ಅತ್ತಿ ಮರದಿಂದ. ಗೂಡಿನ ಮರದ ರೆಂಬೆ ಕೈಗೆಟಕುವಷ್ಟು ಕೆಳಗೆ ಮುರಿದು ಸೀಳಿರೋದು ನೋಡಿದಾಗ ಮರಿಸಿದ್ದಯ್ಯನಿಗೆ ಹೆಂಡತಿಯೇ ಅಂತ ಖಾತ್ರಿಯಾಯಿತು. ಹೆಂಡತಿಯ ಹೆಸರು ಗಾರ್ಡಿನ ಹಾಳೆಗೆ ಹೋಗಬಾರದು ಅಂತ ತನ್ನ ಹೆಸರು ಬರೆಸಿದರು. ಮನೆಗೆ ಹೋಗಿ ಅವರ ಜೊತೆ ಮಾತು ಬಿಟ್ಟರು. ಬಾಣಂತಿ ಕೋಣೆಗೆ ಕತ್ತಿ ಹಾಕಿದವಳ ಕೈಯ ಮುದ್ದೆ ತಿನ್ನಲ್ಲ ಅಂದರಂತೆ. ಮಾರನೇ ದಿನ ಆಡುಗಳನ್ನೆಲ್ಲ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಿಟ್ಟರು. ಸೋಮಮ್ಮ ಮಗಳ ತಲೆ ಮುಟ್ಟಿ ನಾನಲ್ಲ ಅಂದರು. ನಂಬಲಿಲ್ಲ. ಹತ್ತು ದಿನದಿಂದ ಅವರು ಮಳವಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ಸರಿಯಾಗಿ ಊಟ ಮಾಡುತ್ತಿಲ್ಲ.

ನಾನು ರಾಗಿ ಮೂಟೆ ಇಳಿಸಿ ಬಂದಾಗ ಆ ಮನೆಯಲ್ಲಿ ಮುದ್ದೆ ತಿರುವುವವರೇ ಇರಲಿಲ್ಲ.

ಶೋಭಿತಾ ಕೇಳಿದ್ದು ಇಷ್ಟೇ. "ಆವತ್ತು ನೀವು ಇಲ್ಲೇ ಇದ್ರಲ್ಲ ಅಕ್ಕ. ಆ ಮರದ ಹತ್ರ ಯಾರಾದ್ರೂ ಹೋಗಿದ್ದು ನೋಡಿದ್ರಾ?"

ಇಲ್ಲ ಅಂದೆ.

ಅವಳು, ಸರಿ ಅಕ್ಕ, ತೊಂದ್ರೆ ಕೊಟ್ಟೆ ಅಂತ ಸ್ಕೂಟರ್ ಹತ್ತಿದಳು.

ಮೇ ೨೮, ಬುಧವಾರ

ಇಲ್ಲ ಅಂದೆ. ಎಷ್ಟು ಸಲೀಸಾಗಿ ಬಂತು.

ಮೇ ೩೧, ಶನಿವಾರ

ಸ್ವರೂಪ ಬಂದಿದ್ದಾನೆ. ಊಟವಾದ ಮೇಲೆ ಎಲ್ಲ ಹೇಳಿದೆ. ಕತ್ತರಿ, ಸ್ಟೂಲು, ಮುರಿದ ತುದಿ, ಶೋಭಿತಾಗೆ ಅಂದ ಸುಳ್ಳು. ಅವನು ಬೈಯುತ್ತಾನೆ ಅಂತ ಕಾದೆ. ಅವನು ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡು ಯೋಚಿಸಿ, ಅವನೇ ಒಪ್ಕೊಂಡು ಸಹಿ ಹಾಕವ್ನೆ, ನಿಂಗ್ಯಾಕೆ, ಗಂಡ ಹೆಂಡ್ತಿ ಜಗಳ ಎಷ್ಟು ದಿನ ಇರುತ್ತೆ, ತಾನೇ ಸರಿಹೋಗುತ್ತೆ ಅಂದ. ನಾವು ಹೋಗಿ ಅವರ ಮುಂದೆ ಕೈಕಟ್ಟಿ ನಿಂತರೆ ನಾಳೆ ಊರಲ್ಲಿ ಏನಂತಾರೆ ಅಂತಲೂ ಅಂದ. ಅತ್ತೆ ಒಳಗಿಂದ ಕೇಳಿಸಿಕೊಳ್ಳುತ್ತಿದ್ದರು. ಪಾತ್ರೆ ಎತ್ತಿಟ್ಟರು.

ಸ್ವರೂಪನ ಮಾತೇನೂ ಹೊಸದಲ್ಲ. ಹದಿನೈದು ದಿನದಿಂದ ನಾನು ನನಗೆ ಹೇಳಿಕೊಂಡದ್ದೂ ಅದನ್ನೇ. ಬೇರೆಯವರ ಬಾಯಲ್ಲಿ ಕೇಳಿದಾಗ ಹೇಸಿಗೆಯಾಯಿತು.

ಜೂನ್ ೧, ಭಾನುವಾರ

ಬೆಳಿಗ್ಗೆ ಎಂಟರ ಬಸ್ಸಿಗೆ ಮಳವಳ್ಳಿಗೆ ಹೋದೆ. ಶೋಭಿತಾಳ ಮನೆ ಹುಡುಕೋದು ಕಷ್ಟವಾಗಲಿಲ್ಲ. ಸಣ್ಣ ಹಾಲ್, ಗೋಡೆಯಲ್ಲಿ ಬುದ್ಧನ ಪಟ, ಒಂದು ಗೋಡೆಯುದ್ದ ಪುಸ್ತಕ. ಸೋಮಮ್ಮ ನೆಲದ ಮೇಲೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತುಬಿಟ್ಟರು. ಕೂತುಕೊಳ್ಳಿ ಅಂದೆ. ಕೂರಲಿಲ್ಲ. ನಾನು ನೆಲದ ಮೇಲೆ ಕೂತ ಮೇಲೆ ಕೂತರು.

ಹೇಳಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, ಮರ ಕತ್ತರಿಸಿದ್ದು ನಾನು ಅಂತ ಮೊದಲೇ ಅಂದುಬಿಟ್ಟೆ. ಆಮೇಲೆ ಮಿಕ್ಕಿದ್ದು. ಶೋಭಿತಾ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು. ನಾನು ಕೇಳಿದ ದಿನ ನಿಮಗೆ ಗೊತ್ತಿತ್ತು ಅಂದಳು. ಹೌದು ಅಂದೆ. ಅವಳು ಒಳಗೆ ಹೋದಳು, ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಸುಮಾರು ಹೊತ್ತು ನಿಲ್ಲಲಿಲ್ಲ.

ಸೋಮಮ್ಮ ಮೊರದ ಮೇಲೆ ಕೈ ಆಡಿಸುತ್ತಲೇ ಇದ್ದರು. ಕೊನೆಗೆ, ನನಗೆ ಹೇಳಿ ಏನು ಬಂತು, ನನಗೆ ಮೊದಲೇ ಗೊತ್ತಲ್ಲ ನಾನಲ್ಲ ಅಂತ, ಅವರೆದುರಿಗೆ ಬಂದು ಹೇಳಿ ಅಂದರು. ಅದೂ ನಿಜವೇ. ನಾನು ಬಂದದ್ದೇ ಏನೋ ಕೊಡೋದಕ್ಕೆ ಅನ್ನುವ ಹಾಗೆ ಬಂದಿದ್ದೆ.

ಮೂವರೂ ಹನ್ನೊಂದರ ಬಸ್ಸು ಹತ್ತಿದೆವು. ಬರೆಯೋದಕ್ಕೆ ನಾಚಿಕೆ, ಆದರೂ ಬರೆಯುತ್ತೇನೆ: ಬಸ್ಸಿನಲ್ಲಿ ನನ್ನ ಮೇಲೆ ನನಗೇ ಸ್ವಲ್ಪ ಹೆಮ್ಮೆಯಾಗುತ್ತಿತ್ತು. ಹೇಳಿಬಿಟ್ಟೆನಲ್ಲ, ಇನ್ನೇನು, ಗಂಡ ಹೆಂಡತಿ ಒಂದಾಗುತ್ತಾರೆ, ಮರಿಸಿದ್ದಯ್ಯ ನನ್ನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾರೆ, ಬೈಸಿಕೊಂಡರೆ ಮುಗಿಯಿತು ಅಂತ.

ಮರಿಸಿದ್ದಯ್ಯ ಜಗುಲಿಯ ಮೇಲೆ ಕೂತಿದ್ದರು. ಗಡ್ಡ ಬಂದಿತ್ತು. ಹೆಂಡತಿ ಬರೋದು ನೋಡಿ ಮುಖ ಆಚೆ ತಿರುಗಿಸಿದರು. ಸೋಮಮ್ಮ ಅಂಗಳದಲ್ಲೇ ನಿಂತರು, ಹೊಸ್ತಿಲ ಹತ್ತಿರವೂ ಹೋಗಲಿಲ್ಲ. ಅಕ್ಕಪಕ್ಕದವರು ನಾಲ್ಕಾರು ಜನ ಬಾಗಿಲಿಗೆ ಬಂದರು. ನಾನು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ. ಮರ ಸವರಿದ್ದು ನಾನು, ರೋಜಾ ಕತ್ತರಿಯಲ್ಲಿ, ಫೋಟೋಗೋಸ್ಕರ, ನೀವು ಬೇಡ ಅಂದಮೇಲೂ. ತುದಿ ಮುರಿದು ಸೀಳಿದ್ದೂ ನಾನೇ, ಆಡಿಗೆ ಕುಯ್ದ ಹಾಗೆ ಕಾಣಲಿ ಅಂತ. ಸಿಟ್ಟಿಗೆ ಅಂತ ಆವತ್ತು ಬರೆದುಕೊಂಡದ್ದು ಸುಳ್ಳು.

ಮರಿಸಿದ್ದಯ್ಯ ಬೈಯಲಿಲ್ಲ. ನನ್ನನ್ನು ಒಂದು ಸಲ ನೋಡಿದರು, ಖಾಲಿ ಹಟ್ಟಿಯ ಕಡೆ ನೋಡಿದರು. ಆಮೇಲೆ ನೆಲ ನೋಡಿಕೊಂಡು, ನನಗೆ ಅಂತಲೂ ಅಲ್ಲ, ಯಾರಿಗೂ ಅಲ್ಲದ ಹಾಗೆ ಅಂದರು.

"ನೀವು ಅಂತ ಒಂದ್ ಗಳ್ಗೆನೂ ಅನ್ಕಣ್ನಿಲ್ಲ ಕಣವ್ವ. ನಲ್ವತ್ ವರ್ಸ ನನ್ ಜೊತೆ ಬಾಳ್ದೋಳ್ನ ಅನ್ಕಂಡೆ."

ಎದ್ದು ಸೋಮಮ್ಮನ ಕಡೆ ಎರಡು ಹೆಜ್ಜೆ ಇಟ್ಟರು. ಕೈ ಮುಂದೆ ಮಾಡಿದರು. ಬಾ ಒಳಿಕೆ ಅಂದರು. ಸೋಮಮ್ಮ ಅಲ್ಲಾಡಲಿಲ್ಲ.

"ಮಗಳ್ ತಲೆ ಮುಟ್ಟಿ ಆಣೆ ಇಟ್ಟೆ. ಸಾಲ್ನಿಲ್ಲ ನಿಂಗೆ. ಇವ್ರು ಬಂದ್ ಒಂದ್ ಮಾತ್ ಯೋಳುದ್ರು, ನಂಬ್ಬುಟ್ಟೆ."

ಇಷ್ಟು ಹೇಳಿ ಮಗಳ ಕಡೆ ತಿರುಗಿ ಮಳವಳ್ಳಿಗೆ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದರು. ಎರಡೂವರೆಗೆ ಅಂತ ಶೋಭಿತಾ ಅಂದಳು. ಇಬ್ಬರೂ ರಸ್ತೆ ಕಡೆ ನಡೆದರು. ಮರಿಸಿದ್ದಯ್ಯ ಚಪ್ಪಲಿಯೂ ಇಲ್ಲದೆ ಸ್ವಲ್ಪ ದೂರ ಹಿಂದೆ ಹೋದರು, ಊರ ಕಲ್ಯಾಣಿಯ ಪಕ್ಕದ ತಿರುವಿನಲ್ಲಿ ನಿಂತುಬಿಟ್ಟರು.

ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಅನ್ನುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಮನೆಗೆ ನಡೆದುಕೊಂಡು ಬಂದೆ.

ಜೂನ್ ೫, ಗುರುವಾರ

ಚಿಕ್ಕಣ್ಣನ ಹತ್ತಿರ ಹೋಗಿ ಬರೆದುಕೊಟ್ಟೆ, ನನ್ನ ಹೆಸರು, ನನ್ನ ಸಹಿ. ಅವರು ಎರಡು ಸಲ ಓದಿ ಮೇಲಕ್ಕೆ ಕಳಿಸುತ್ತೇನೆ ಅಂದರು. ಮರಿಸಿದ್ದಯ್ಯನಿಗೆ ಕಾರ್ಡು ಬರುತ್ತೋ ಇಲ್ಲವೋ ಅವರಿಗೂ ಗೊತ್ತಿಲ್ಲ. ನನಗೆ ಏನು ಶಿಕ್ಷೆ ಅಂತ ಕೇಳಿದೆ, ಅದಕ್ಕೂ ಕಾಗದ ಬರುತ್ತೆ ಅಂದರು. ಪುನೀತ್‌ಗೆ ಆ ಫೋಟೋ ತೆಗೆದುಹಾಕಿ ಅಂತ ಬರೆದೆ. ನಿಮಗೆ ಕಡಿಯಿರಿ ಅಂತ ನಾನು ಹೇಳಿದ್ದೆನೇ ಅಂತ ಉತ್ತರ ಬಂತು. ಹೇಳಿರಲಿಲ್ಲ.

ಬೋರ್ಡು ಇಳಿಸಿದೆ. ಸ್ವರೂಪ ಮಾತಾಡುತ್ತಿಲ್ಲ. ಅತ್ತೆ ಇವತ್ತು ಬೆಳಿಗ್ಗೆ, ನಾನಲ್ವಾ ಆಡಿನೋರು ಅಂದದ್ದು ಅಂದರು. ಹೌದು ಅಂದೆ. ಅವರು ಮಧ್ಯಾಹ್ನ ಊಟಕ್ಕೆ ಕೂರಲಿಲ್ಲ.

ಮರಿಸಿದ್ದಯ್ಯ ದಿನಾ ಏಳರ ಬಸ್ಸಿಗೆ ಮಳವಳ್ಳಿಗೆ ಹೋಗುತ್ತಿದ್ದಾರೆ. ಶೋಭಿತಾಳ ಮನೆ ಮೆಟ್ಟಿಲ ಮೇಲೆ ಕೂರುತ್ತಾರಂತೆ. ಮಧ್ಯಾಹ್ನ ಮಗಳು ತಟ್ಟೆ ತಂದಿಡುತ್ತಾಳಂತೆ. ಸೋಮಮ್ಮ ಹೊರಗೆ ಬರಲ್ಲವಂತೆ.

ಜೂನ್ ೧೨, ಗುರುವಾರ

ಮಳೆ ಹಿಡಿದಿದೆ. ಮರಿಸಿದ್ದಯ್ಯ ಇವತ್ತೂ ಏಳರ ಬಸ್ಸಿಗೆ ಹೋದರು, ಗಡ್ಡ ಬೋಳಿಸಿಕೊಂಡು, ಒಗೆದ ಪಂಚೆ ಉಟ್ಟುಕೊಂಡು. ಸಂಜೆ ನಾನು ಸ್ಟಾಪಿನ ಹತ್ತಿರ ಅಂಗಡಿಯಲ್ಲಿ ಸಕ್ಕರೆ ತೆಗೆದುಕೊಳ್ಳುತ್ತಿದ್ದೆ. 

ಬಸ್ಸು ಬಂತು. ಒಬ್ಬರೇ ಇಳಿದರು.